ಎಲ್ಲಿ ಬೆಸೆಯಬೇಕು, ಎಲ್ಲಿ ಬಿಡಬೇಕು



ಹಳೆಯ ಎಸ್ಟೀಮನ್ನೋ ಸ್ವಿಫ್ಟನ್ನೋ ಪೋಲೋವನ್ನೋ ಕೊಂಡು, ಸೀಟು ಕಿತ್ತು, ಕಾರ್ಪೆಟ್ ಎತ್ತಿ, ಒಂದು ದಿನ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇನಲ್ಲೋ ಓಡಿಸಬೇಕೆಂಬ ಆಸೆ ಹೊತ್ತವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಆ ಆಸೆ ಒಳ್ಳೆಯದು. ಕೈಯಾರೆ ಒಂದು ಕಾರನ್ನು ಬಿಚ್ಚಿ ಕಟ್ಟಿದವರಿಗೆ ಸಿಗುವ ವಿದ್ಯೆ ಯಾವ ತರಗತಿಯಲ್ಲೂ ಸಿಗುವುದಿಲ್ಲ. ಆದರೆ ಕಾರ್ಪೆಟ್ ಎತ್ತಿದ ಮಾರನೆಯ ದಿನವೇ ನೀವು ಗ್ಯಾರೇಜಿಗೆ ಬಂದು ಕೇಳುವ ಮಾತೊಂದಿದೆ: "ಅಣ್ಣಾ, ಶೆಲ್ ಪೂರ್ತಿ ಸೀಮ್ ವೆಲ್ಡ್ ಹೊಡೆಸಿಬಿಡೋಣವಾ?"

ಪೂರ್ತಿ ಬೇಡ. ಇಷ್ಟು ಹೇಳಿದರೆ ನಿಮಗೆ ಸಮಾಧಾನವಾಗುವುದಿಲ್ಲ ಎಂದು ಗೊತ್ತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬೆಸುಗೆಯಿಂದ ಕಾರಿನ ಶೆಲ್ ಗಟ್ಟಿಯಾಗುವುದು ನಿಜ. ಆದರೆ ಕಾರಿನಲ್ಲಿ ಗಟ್ಟಿಯಾಗಿ ನಿಲ್ಲಬೇಕಾದ ಜಾಗಗಳಿವೆ, ಬಾಗಿ ಜೀವ ಉಳಿಸಬೇಕಾದ ಜಾಗಗಳೂ ಇವೆ. ಎರಡನ್ನೂ ಬೇರೆ ಮಾಡಿ ನೋಡಲು ಕಲಿಯದವರು ಎಷ್ಟೇ ಅಂದವಾಗಿ ವೆಲ್ಡ್ ಹೊಡೆದರೂ ಕಾರನ್ನು ಕೆಡಿಸುತ್ತಾರೆ.

ತಗಡೇ ಚಾಸಿ

ಮೊದಲು ನಿಮ್ಮ ಕೈಯಲ್ಲಿರುವ ವಸ್ತು ಏನೆಂದು ತಿಳಿದುಕೊಳ್ಳಿ. ಲಾರಿಗೆ, ರ‍್ಯಾಲಿಗಳಲ್ಲಿ ನೀವು ನೋಡುವ ಮಾರುತಿ ಜಿಪ್ಸಿಗೆ ಕೆಳಗೊಂದು ಬೇರೆಯೇ ಚಾಸಿ ಇರುತ್ತದೆ. ಬಾಡಿ ಅದರ ಮೇಲೆ ಕೂತಿರುತ್ತದೆ. ಶೋಲಾವರಂನ ಹಳೆಯ ರನ್‌ವೇ ಮೇಲೆ ರೇಸು ನಡೆಯುತ್ತಿದ್ದ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡಿಗೂ ಹಾಗೆ ಬೇರೆ ಚಾಸಿ ಇತ್ತು. ಅದರ ಪಕ್ಕದಲ್ಲೇ ಓಡುತ್ತಿದ್ದ ಫಿಯೆಟ್ಟಿಗೆ ಇರಲಿಲ್ಲ. ನಮ್ಮ ಅಂಬಾಸಿಡರಿಗೂ ಇರಲಿಲ್ಲ. ಇಟಲಿಯ ಲಾನ್ಸಿಯಾ ಕಂಪನಿ 1922ರಲ್ಲಿ ಲ್ಯಾಂಬ್ಡಾ ಕಾರಿನಲ್ಲಿ ಚಾಸಿಯನ್ನೂ ಬಾಡಿಯನ್ನೂ ಒಂದೇ ಮಾಡಿ ತೋರಿಸಿತು. 1934ರಲ್ಲಿ ಬಂದ ಸಿಟ್ರೋಯೆನ್ ಟ್ರಾಕ್ಸಿಯೋಂ ಅವಾಂ ಬೆಸೆದ ಉಕ್ಕಿನ ತಗಡಿನಲ್ಲೇ ಅದನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಿ ತೋರಿಸಿತು. ಇಂದು ನೀವು ಟ್ರ್ಯಾಕಿಗೆ ಒಯ್ಯುವ ಹೆಚ್ಚುಕಡಿಮೆ ಎಲ್ಲ ಕಾರುಗಳೂ ಆ ವಂಶದವೇ. ಫ್ಲೋರು, ಟನೆಲ್ಲು, ರನ್ನಿಂಗ್ ಬೋರ್ಡು, ಪಿಲ್ಲರುಗಳು, ಅಪ್ರಾನು, ಫೈರ್‌ವಾಲು, ರೂಫು ಎಲ್ಲ ಸೇರಿ ಒಂದು ಡಬ್ಬಿಯಾಗಿ ನಿಂತು ಭಾರ ಹೊರುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಅವು 0.7ರಿಂದ 1.2 ಮಿಲಿಮೀಟರ್ ದಪ್ಪದ ತಗಡು, ಅಷ್ಟೇ. ಒಂದು ತಗಡನ್ನು ಕೈಯಲ್ಲೇ ಬಾಗಿಸಬಹುದು. ಪೆಟ್ಟಿಗೆಯಾಗಿ ಮಡಿಸಿ ಅಂಚು ಕೂಡಿಸಿದ ಮೇಲೆ ಅದಕ್ಕೇ ಜಾಕ್ ಕೊಟ್ಟು ಇಡೀ ಕಾರನ್ನು ಎತ್ತಬಹುದು. ಹಾಗಾಗಿ ಶೆಲ್ಲಿನ ಬಲವೆಲ್ಲ ಇರುವುದು ಆಕಾರದಲ್ಲಿ ಮತ್ತು ಅಂಚು ಕೂಡುವ ಜಾಗದಲ್ಲಿ.

ಆ ಅಂಚುಗಳನ್ನು ಕಾರ್ಖಾನೆ ಕೂಡಿಸುವುದು ಸ್ಪಾಟ್ ವೆಲ್ಡಿನಿಂದ. ಎರಡು ತಾಮ್ರದ ತುದಿಗಳು ತಗಡುಗಳನ್ನು ಎರಡೂ ಕಡೆಯಿಂದ ಅದುಮಿ ಹಿಡಿದು, ಕ್ಷಣಾರ್ಧ ದೊಡ್ಡ ಕರೆಂಟ್ ಹಾಯಿಸುತ್ತವೆ. ನಡುವೆ 5-6 ಮಿಲಿಮೀಟರ್ ಅಗಲದ ಒಂದು ಚುಕ್ಕೆ ಕರಗಿ ಒಂದಾಗುತ್ತದೆ. ಒಂದು ಸಾಧಾರಣ ಕಾರಿನಲ್ಲಿ ಇಂಥ 3,000ದಿಂದ 5,000 ಚುಕ್ಕೆಗಳಿರುತ್ತವೆ. ಇದು ವೇಗದ ಕೆಲಸ, ಅಗ್ಗದ ಕೆಲಸ, ತಗಡು ಸೊಟ್ಟಗಾಗದ ಕೆಲಸ. ಊರಿನ ರಸ್ತೆಯಲ್ಲಿ ಹದಿನೈದು ವರ್ಷ ಓಡಲು ಸಾಕು. ಆದರೆ ಗುಂಡಿ ಹಾಕಿದ ಅಂಗಿಯನ್ನು ಎಳೆದರೆ ಎರಡು ಗುಂಡಿಗಳ ನಡುವೆ ಸಂದು ಬಾಯಿಬಿಡುವಂತೆ, ಭಾರಿ ಬಲ ಬಿದ್ದಾಗ ಎರಡು ಚುಕ್ಕೆಗಳ ನಡುವಿನ ಅಂಚು ತುಸು ಬಾಯಿಬಿಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚಲನೆ ಅದು. ನೂರಾರು ಅಂಚುಗಳಲ್ಲಿ ಅದು ಕೂಡಿದರೆ ಇಡೀ ಶೆಲ್ ತಿರುಚಿಕೊಳ್ಳುತ್ತದೆ. ಸೀಮ್ ವೆಲ್ಡಿಂಗ್ ಎಂದರೆ ಆ ಚುಕ್ಕೆಗಳ ನಡುವಿನ ಖಾಲಿ ಜಾಗದಲ್ಲಿ ಸಣ್ಣ ಸಣ್ಣ ಬೆಸುಗೆ ಹಾಕಿ ಅಂಚು ಅಲುಗದಂತೆ ಮಾಡುವುದು. ಹೊಸ ಲೋಹ ಸೇರಿಸಿ ದಪ್ಪ ಮಾಡುವ ಕೆಲಸ ಇದಲ್ಲ.

ಟ್ರ್ಯಾಕಿನಲ್ಲಿ ಏನಾಗುತ್ತದೆ

ಹಿಡಿತದ ಟೈರು ಹಾಕಿ, ಜೋರಾಗಿ ಬ್ರೇಕ್ ಒತ್ತುತ್ತಲೇ ತಿರುವಿಗೆ ಇಳಿದಾಗ, ಹೊರಗಿನ ಮುಂದಿನ ಚಕ್ರದ ಮೇಲೆ ಕಾರಿನ ತೂಕದ ಅರ್ಧದಷ್ಟು ಬಂದು ಕೂರಬಹುದು. ಅದೇ ಹೊತ್ತಿಗೆ ಒಳಗಿನ ಹಿಂದಿನ ಚಕ್ರ ನೆಲ ಬಿಡುವಷ್ಟು ಹಗುರಾಗಿರುತ್ತದೆ. ಒಂದು ಮೂಲೆ ಮೇಲಕ್ಕೆ ತಳ್ಳುತ್ತಿದೆ, ಎದುರು ಮೂಲೆ ಸುಮ್ಮನಿದೆ. ನಡುವೆ ಸಿಕ್ಕಿಕೊಂಡ ಶೆಲ್ ಬಟ್ಟೆ ಹಿಂಡುವ ಹಾಗೆ ತಿರುಚಬೇಕಾಗುತ್ತದೆ. ಸ್ಪ್ರಿಂಗಿಗೆ ಡ್ಯಾಂಪರ್ ಇದೆ, ಅದರ ಕುಣಿತವನ್ನು ತಡೆಯುತ್ತದೆ. ಶೆಲ್ ತಾನೇ ಸ್ಪ್ರಿಂಗಾದರೆ ಅದಕ್ಕೆ ಡ್ಯಾಂಪರ್ ಎಲ್ಲಿದೆ? ಮುಂದೆ ಸ್ಪ್ರಿಂಗ್ ಬದಲಿಸಿದಿರಿ, ಹಿಂದೆ ಆಂಟಿ ರೋಲ್ ಬಾರ್ ದಪ್ಪ ಮಾಡಿದಿರಿ, ಆದರೂ ಕಾರಿನ ನಡತೆ ಬದಲಾಗಲಿಲ್ಲ ಎಂದರೆ ನೀವು ಕೊಟ್ಟ ಬದಲಾವಣೆಯನ್ನು ಶೆಲ್ ನುಂಗಿಕೊಂಡಿದೆ. ಶೆಲ್ ಗಟ್ಟಿ ಮಾಡುವುದಕ್ಕೆ ಇದು ಮುಖ್ಯ ಕಾರಣ. ಹಿಡಿತ ತಾನಾಗಿ ಹೆಚ್ಚುವುದಿಲ್ಲ. ಸಸ್ಪೆನ್ಷನ್ ನೀವು ಹೇಳಿದ ಮಾತು ಕೇಳತೊಡಗುತ್ತದೆ.

ಎರಡನೆಯ ಕಾರಣ ಆಯಸ್ಸು. ಒಂದೇ ಕಡೆ ಮತ್ತೆ ಮತ್ತೆ ಬಾಗಿದ ತಗಡಿನಲ್ಲಿ ಚುಕ್ಕೆಯ ಸುತ್ತ ಬಿರುಕು ಹುಟ್ಟುತ್ತದೆ. ಕೊಡಗು, ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ರ‍್ಯಾಲಿ ಓಡಿದ ಕಾರಿನ ಬಾನೆಟ್ ಎತ್ತಿ ಅಪ್ರಾನ್ ನೋಡಿ. ಸ್ಟ್ರಟ್ ಟವರಿನ ಬುಡದಲ್ಲಿ ಸೀಲರ್ ಸಣ್ಣ ಗೆರೆಯಾಗಿ ಒಡೆದಿರುತ್ತದೆ, ಆ ಗೆರೆಗುಂಟ ತುಕ್ಕಿನ ಕಂದು ನೀರು ಇಳಿದಿರುತ್ತದೆ. ಸ್ಪಾಟ್ ವೆಲ್ಡಿನ ಸುತ್ತ ಪೇಂಟು ಉಂಗುರದಾಕಾರದಲ್ಲಿ ಎದ್ದಿರುತ್ತದೆ. ಅಲ್ಲಿ ತಗಡು ಓಡಾಡಿದೆ ಎಂದು ಕಾರೇ ಬರೆದು ಕೊಟ್ಟಿರುವ ಪತ್ರ ಅದು. ಮೆಷಿನ್ ಹಚ್ಚುವ ಮೊದಲು ಇಂಥ ಗುರುತುಗಳನ್ನು ಒಂದೊಂದಾಗಿ ಹುಡುಕಿ, ಸೀಮೆಸುಣ್ಣದಿಂದ ಸುತ್ತು ಹಾಕಿ, ಫೋಟೋ ತೆಗೆದಿಡಿ. ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿ, ಬಾಗಿಲು ತೆರೆದು ಮುಚ್ಚಿ ನೋಡಿ. ಬಾಗಿಲು ಬಿಗಿಯಾಗುತ್ತಿದ್ದರೆ ಶೆಲ್ ಎಷ್ಟು ತಿರುಚುತ್ತಿದೆ ಎಂಬ ಅಂದಾಜು ಕೈಗೇ ಸಿಗುತ್ತದೆ.

ಬೆಸೆಯುವ ಜಾಗ, ಬಿಡುವ ಜಾಗ

ಸಸ್ಪೆನ್ಷನ್ ಬಲ ಶೆಲ್ಲಿನೊಳಗೆ ಎಲ್ಲಿ ಇಳಿಯುತ್ತದೋ ಅಲ್ಲಿಂದ ಶುರು ಮಾಡಿ. ಮುಂದಿನ ಸ್ಟ್ರಟ್ ಟವರು ಅಪ್ರಾನಿಗೆ ಸೇರುವ ಅಂಚು, ಅಪ್ರಾನು ಫೈರ್‌ವಾಲಿಗೆ ಸೇರುವ ಅಂಚು, ಲೋವರ್ ಆರ್ಮ್ ಕೂರುವ ಬ್ರಾಕೆಟ್ಟುಗಳ ಸುತ್ತ, ಹಿಂದಿನ ಡ್ಯಾಂಪರ್ ಟವರು, ಹಿಂದಿನ ಆಕ್ಸಲ್ ಅಥವಾ ಟ್ರೇಲಿಂಗ್ ಆರ್ಮ್ ಬೋಲ್ಟಾಗುವ ಜಾಗ. ಆಮೇಲೆ ಆ ಬಲ ಮುಂದಿನಿಂದ ಹಿಂದಕ್ಕೆ ಸಾಗುವ ದಾರಿ: ಫ್ಲೋರು ರನ್ನಿಂಗ್ ಬೋರ್ಡಿಗೆ ಕೂಡುವ ಸೀಮು, ಟನೆಲ್ಲಿನ ಎರಡೂ ಬದಿ, ಸೀಟಿನ ಕೆಳಗಿನ ಅಡ್ಡ ಮೆಂಬರು, ಎ ಪಿಲ್ಲರಿನ ಬುಡ. ಹಳೆಯ ಕಾರಾದರೆ ಬಿ ಪಿಲ್ಲರಿನ ಬುಡವನ್ನೂ ಸೇರಿಸಬಹುದು. ಇಷ್ಟು ಜಾಗಗಳಲ್ಲಿ ಕೆಲಸ ನೆಟ್ಟಗಾದರೆ ಸಿಗಬೇಕಾದ ಲಾಭದ ಬಹುಪಾಲು ಸಿಕ್ಕಂತೆ.

ಇನ್ನು ಮುಟ್ಟಬಾರದ ಜಾಗಗಳು. ಸ್ಟ್ರಟ್ ಟವರಿನಿಂದ ಮುಂದಕ್ಕೆ ಬಂಪರಿನವರೆಗೆ ಚಾಚಿದ ಎರಡು ಚಾಸಿ ಲೆಗ್ಗುಗಳನ್ನು ಗಮನವಿಟ್ಟು ನೋಡಿ. ಅವುಗಳ ಮೇಲೆ ಬೇಕೆಂದೇ ಒತ್ತಿದ ತಗ್ಗುಗಳು, ಮಡಿಕೆಗಳು, ರಂಧ್ರಗಳು ಇರುತ್ತವೆ. ಡಿಕ್ಕಿಯಾದಾಗ ಆ ಭಾಗ ಕ್ರಮವಾಗಿ ಮಡಚಿಕೊಂಡು ಹೊಡೆತವನ್ನು ತಾನು ನುಂಗಬೇಕು. ಅದನ್ನು ಬೆಸೆದು ಕಂಬಿ ಮಾಡಿದರೆ ಹೊಡೆತ ನೇರವಾಗಿ ಒಳಗೆ ಬೆಲ್ಟ್ ಕಟ್ಟಿ ಕೂತವರ ಎದೆಗೆ, ಕುತ್ತಿಗೆಗೆ ಹೋಗುತ್ತದೆ. ಹಿಂದೆ ಸಾಮಾನಿಡುವ ಡಿಕ್ಕಿಯ ಫ್ಲೋರಿನ ತುದಿಗೂ ಇದೇ ಮಾತು. ರೂಫಿನ ಹೊರ ತಗಡು, ಫೆಂಡರು, ಕ್ವಾರ್ಟರ್ ಪ್ಯಾನೆಲ್ಲಿನ ಹೊರಮೈ ಇವುಗಳಲ್ಲಿ ಬೆಸುಗೆಯಿಂದ ಲಾಭವಿಲ್ಲ. ತಗಡು ಅಲೆಯಲೆಯಾಗಿ ಎದ್ದು ಕೂರುತ್ತದೆ.

ಹೊಸ ಕಾರಿನವರು ಇನ್ನೊಂದು ಸಂಗತಿ ತಿಳಿಯಬೇಕು. ಈಚಿನ ಕಾರುಗಳ ಬಿ ಪಿಲ್ಲರಿನಂಥ ಭಾಗಗಳಲ್ಲಿ ಬೋರಾನ್ ಉಕ್ಕು ಇರಬಹುದು. ಕೆಂಪಗೆ ಕಾಯಿಸಿ ಅಚ್ಚಿನಲ್ಲೇ ಒತ್ತಿ ತಣಿಸಿದ ಈ ಉಕ್ಕಿನ ಬಲ ಸುಮಾರು 1,500 ಮೆಗಾಪ್ಯಾಸ್ಕಲ್. ಮಾಮೂಲಿ ತಗಡಿನ ನಾಲ್ಕೈದು ಪಟ್ಟು. ಆ ಬಲ ಬಂದದ್ದೇ ಕಾಯಿಸಿ ತಣಿಸಿದ ಕ್ರಮದಿಂದ. ನಿಮ್ಮ ವೆಲ್ಡಿಂಗ್ ಟಾರ್ಚಿನ ಬಿಸಿ ಬಿದ್ದಲ್ಲಿ ಆ ಹದ ಕೆಟ್ಟು ಬೆಸುಗೆಯ ಪಕ್ಕದ ಪಟ್ಟಿ ಮೆತ್ತಗಾಗುತ್ತದೆ. ಗಟ್ಟಿ ಮಾಡಲು ಹೋಗಿ ಸರಿಯಾಗಿ ತಲೆಯ ಪಕ್ಕದ ಕಂಬವನ್ನೇ ದುರ್ಬಲ ಮಾಡಿದಂತಾಗುತ್ತದೆ. ತಯಾರಕರ ಬಾಡಿ ರಿಪೇರಿ ಮ್ಯಾನುಯಲ್‌ನಲ್ಲಿ ಯಾವ ಭಾಗ ಯಾವ ಉಕ್ಕು ಎಂದು ಬಣ್ಣ ಹಚ್ಚಿ ತೋರಿಸಿರುತ್ತಾರೆ. ಅದನ್ನು ನೋಡದೆ ಹೊಸ ಶೆಲ್ಲಿಗೆ ಟಾರ್ಚ್ ಹಿಡಿಯಬೇಡಿ.

ತಯಾರಿಯೇ ಮುಕ್ಕಾಲು ಕೆಲಸ

ಬೆಸುಗೆ ಬೇಗ ಮುಗಿಯುತ್ತದೆ, ತಯಾರಿ ಮುಗಿಯುವುದಿಲ್ಲ. ಅದಕ್ಕೇ ಜನ ತಯಾರಿಯಲ್ಲಿ ಕಳ್ಳತನ ಮಾಡುತ್ತಾರೆ. ಪೆಟ್ರೋಲ್ ಟ್ಯಾಂಕು, ಪೈಪುಗಳು, ವೈರಿಂಗು, ಬ್ಯಾಟರಿ, ಇಸಿಯು, ಗಾಜು, ಡ್ಯಾಶ್‌ಬೋರ್ಡು ಎಲ್ಲವೂ ಹೊರಗೆ ಬರಬೇಕು. ಖಾಲಿ ಟ್ಯಾಂಕಿನಲ್ಲಿ ಆವಿ ಇರುತ್ತದೆ. ತುಂಬಿದ ಟ್ಯಾಂಕಿಗಿಂತ ಅದೇ ಹೆಚ್ಚು ಅಪಾಯ. ಅದನ್ನು ಶೆಡ್ಡಿನ ಮೂಲೆಯಲ್ಲೂ ಇಡಬೇಡಿ, ದೂರ ಒಯ್ಯಿರಿ. ಏರ್‌ಬ್ಯಾಗು, ಸೀಟ್ ಬೆಲ್ಟಿನ ಪ್ರಿಟೆನ್ಷನರ್ ಇದ್ದರೆ ಅವುಗಳಲ್ಲಿ ಸಿಡಿಮದ್ದಿದೆ, ತಿಳಿದವರಿಂದಲೇ ಬಿಚ್ಚಿಸಿ.

ಆಮೇಲೆ ಸೀಮುಗಳ ಮೇಲಿನ ಸೀಲರು, ಫ್ಲೋರಿನ ಮೇಲಿನ ಡಾಂಬರಿನ ಹಾಳೆ. ಡಾಂಬರಿನ ಹಾಳೆಗೆ ಡ್ರೈ ಐಸ್ ಹರಡಿ ಸ್ವಲ್ಪ ಹೊತ್ತು ಬಿಟ್ಟರೆ, ಮೈನಸ್ 78 ಡಿಗ್ರಿಯ ಚಳಿಗೆ ಅದು ಗಾಜಿನಂತೆ ಪೆಡಸಾಗಿ ಸುತ್ತಿಗೆಯ ಸಣ್ಣ ಏಟಿಗೆ ಚೂರುಚೂರಾಗಿ ಏಳುತ್ತದೆ. ಗಾಳಿ ಆಡುವಲ್ಲಿ, ಕೈಗವಸು ಹಾಕಿಯೇ ಈ ಕೆಲಸ ಮಾಡಿ. ಮುಚ್ಚಿದ ಕೋಣೆಯಲ್ಲಿ ಅದರಿಂದ ಏಳುವ ಅನಿಲ ಉಸಿರು ಕಟ್ಟಿಸುತ್ತದೆ. ಸೀಲರನ್ನು ಬಿಸಿಗಾಳಿ ಗನ್ನಿನಿಂದ ಮೆತ್ತಗೆ ಮಾಡಿ ಕೆರೆದು, ತಂತಿ ಬ್ರಷ್ಷಿನಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಬೇಕು. ಎರಡು ತಗಡಿನ ಸಂದಿನಲ್ಲಿ ಉಳಿದ ಒಂದು ಎಳೆ ಸೀಲರು ಸಾಕು. ಬಿಸಿಗೆ ಅದು ಹೊಗೆಯಾಗಿ ಬೆಸುಗೆಯೊಳಗೆ ನುಗ್ಗಿ ಇಡೀ ಬೀಡನ್ನು, ಅಂದರೆ ಬೆಸುಗೆಯ ಗೆರೆಯನ್ನು, ಜರಡಿ ಮಾಡುತ್ತದೆ. ಮೇಲಿಂದ ನೋಡಲು ಬೆಸುಗೆ, ಒಳಗೆ ತೂತು.

ಈ ಮುಂದಿನ ಮಾತನ್ನು ಗ್ಯಾರೇಜಿನ ಗೋಡೆಯ ಮೇಲೆ ಬರೆದಿಡಿ. ಜಿಡ್ಡು ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರನ್ನು ಎಂದೂ ಬಳಸಬೇಡಿ. ಅದರ ಪಸೆ ಇರುವಲ್ಲಿ ಆರ್ಕ್ ಹೊತ್ತಿಸಿದರೆ ಫಾಸ್ಜಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ ಅದೇ. ಜಿಂಕ್ ಲೇಪವಿರುವ ತಗಡನ್ನು ಬೆಸೆದ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಲೇಪವನ್ನು ಉಜ್ಜಿ ತೆಗೆದ ಮೇಲೆಯೇ ಬೆಸೆಯಿರಿ. ಪಿಲ್ಲರಿನೊಳಗೆ ಕಾರ್ಖಾನೆ ತುಂಬಿದ ಪಾಲಿಯುರೆಥೇನ್ ಫೋಮ್ ಸುಟ್ಟರೆ ಸೈನೈಡಿನ ಅನಿಲವೂ ಬರುತ್ತದೆ. ಬಾಗಿಲು ತೆರೆದಿರಲಿ, ಫ್ಯಾನ್ ತಿರುಗುತ್ತಿರಲಿ, ಮೂಗಿಗೆ ಸರಿಯಾದ ಮಾಸ್ಕ್ ಇರಲಿ, ಮೈಮೇಲೆ ಹತ್ತಿ ಬಟ್ಟೆ ಇರಲಿ. ತಂಪು ಕನ್ನಡಕ ಹಾಕಿಕೊಂಡು ಆರ್ಕ್ ನೋಡುವುದನ್ನು ನಮ್ಮ ಕಡೆ ಶೂರತನ ಎಂದುಕೊಂಡವರಿದ್ದಾರೆ. ಅವರ ವಯಸ್ಸಾದ ಕಣ್ಣುಗಳನ್ನು ನಾನು ನೋಡಿದ್ದೇನೆ. ವೆಲ್ಡಿಂಗ್ ಹೆಲ್ಮೆಟ್ ಇಲ್ಲದೆ ಬೆಸೆಯಬೇಡಿ. ಬೆಂಕಿ ಆರಿಸುವ ಸಿಲಿಂಡರು ಕೈಗೆಟಕುವಲ್ಲಿರಲಿ, ಕೆಲಸ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಶೆಲ್ಲನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ.

ಕೊನೆಗೆ ಅಳತೆ. ಶೆಲ್ಲನ್ನು ಸಮತಟ್ಟಾಗಿ, ನಾಲ್ಕೂ ಕಡೆ ಒಂದೇ ಭಾರ ಬೀಳುವಂತೆ ಸ್ಟ್ಯಾಂಡಿನ ಮೇಲೆ ಕೂರಿಸಿ. ಎಡ ಟವರಿನಿಂದ ಬಲ ಟವರಿಗೆ, ಎಡ ಮುಂದಿನಿಂದ ಬಲ ಹಿಂದಿನ ಬೋಲ್ಟ್ ರಂಧ್ರಕ್ಕೆ, ಅದರ ಎದುರು ಕರ್ಣಕ್ಕೆ, ಬಾಗಿಲ ಚೌಕಟ್ಟಿನ ಎರಡು ಕರ್ಣಗಳಿಗೆ ಅಳತೆ ತೆಗೆದು ಗೋಡೆಯ ಮೇಲೆ ಬರೆಯಿರಿ. ಈ ಅಂಕಿಗಳು ಮುಂದೆ ನಿಮಗೆ ಸಾಕ್ಷಿ.

ಬೆಸುಗೆಯ ಹದ

ತೆಳು ತಗಡಿಗೆ ಮಿಗ್ ವೆಲ್ಡಿಂಗ್ ಸಾಕು. 0.6 ಅಥವಾ 0.8 ಮಿಲಿಮೀಟರ್ ತಂತಿ, ಆರ್ಗಾನ್ ಮತ್ತು ಕಾರ್ಬನ್ ಡೈ ಆಕ್ಸೈಡ್ ಮಿಶ್ರಣದ ಗ್ಯಾಸು, ನಿಮಿಷಕ್ಕೆ 8ರಿಂದ 12 ಲೀಟರ್ ಹರಿವು. ಒಂದು ಮಿಲಿಮೀಟರ್ ತಗಡಿಗೆ 40ರಿಂದ 60 ಆಂಪಿಯರಿನ ಆಸುಪಾಸು. ಇದು ಆರಂಭದ ಅಂದಾಜು ಮಾತ್ರ. ನಿಮ್ಮ ಮೆಷಿನ್ನಿನ ಹದವನ್ನು ತುಂಡು ತಗಡಿನ ಮೇಲೆ ಹುಡುಕಿಕೊಳ್ಳಬೇಕು.

ಹೇಗೆಂದು ಹೇಳುತ್ತೇನೆ. ಗುಜರಿಯಿಂದ ಅದೇ ಮಾದರಿಯ ಕಾರಿನ ರನ್ನಿಂಗ್ ಬೋರ್ಡಿನ ತುಂಡು ತನ್ನಿ. ಒಂದು ಇಂಚು ಅಗಲದ ಎರಡು ಪಟ್ಟಿ ಕತ್ತರಿಸಿ, ಒಂದರ ಮೇಲೊಂದು ತುಸು ಹೇರಿ, ಅಂಚಿಗೆ 25 ಮಿಲಿಮೀಟರ್ ಬೆಸುಗೆ ಹಾಕಿ. ಮೊದಲು ಬೆನ್ನು ನೋಡಿ: ಅಲ್ಲಿ ನೀಲಿ, ಕಂದು ಬಣ್ಣದ ನೇರ ಪಟ್ಟಿ, ನಡುವೆ ಬೆರಳಿಗೆ ಸಿಗುವಷ್ಟು ಸಣ್ಣ ಏರು ಇದ್ದರೆ ಬಿಸಿ ಒಳಗಿಳಿದಿದೆ. ಆಮೇಲೆ ವೈಸಿಗೆ ಕಚ್ಚಿಸಿ, ಉಳಿ ಸುತ್ತಿಗೆಯಿಂದ ಎರಡು ಪಟ್ಟಿಗಳನ್ನು ಸುಲಿಯಿರಿ. ಬೀಡು ಹಪ್ಪಳದಂತೆ ಎದ್ದು ಕೆಳಗಿನ ತಗಡಿನ ಮೇಲೆ ನುಣ್ಣಗೆ ಹೊಳೆಯುವ ಕಲೆ ಉಳಿದರೆ ಅದು ತಣ್ಣಗಿನ ಬೆಸುಗೆ. ಮೇಲೆ ಅಂಟಿತ್ತು, ಕೂಡಿರಲಿಲ್ಲ. ಬೀಡು ಗಟ್ಟಿಯಾಗಿ ಕೂತು ಪಕ್ಕದ ತಗಡೇ ಹರಿದು ಬಂದರೆ ಅದು ಬೆಸುಗೆ. ನಿಂತು ಮಾಡುವಾಗ, ಕೂತು ಮಾಡುವಾಗ, ತಲೆಯ ಮೇಲೆ ಕೈ ಎತ್ತಿ ಮಾಡುವಾಗ ಎಲ್ಲ ಭಂಗಿಯಲ್ಲೂ ಸುಲಿದ ತಗಡು ಹರಿಯುವವರೆಗೆ ಕಾರಿನ ಹತ್ತಿರ ಹೋಗಬೇಡಿ.

ಕಾರಿನ ಮೇಲೆ ಒಂದೇ ಉಸಿರಿಗೆ ಉದ್ದ ಬೀಡು ಎಳೆಯುವುದು ನಿಷಿದ್ಧ. ಸುಮಾರು 25 ಮಿಲಿಮೀಟರ್ ಬೆಸುಗೆ, ಆಮೇಲೆ 25ರಿಂದ 50 ಮಿಲಿಮೀಟರ್ ಬಿಡುವು, ಮತ್ತೆ ಬೆಸುಗೆ. ಇದಕ್ಕೆ ಕಾರಣವಿದೆ. ಕರಗಿದ ಲೋಹ ತಣಿಯುವಾಗ ಕುಗ್ಗುತ್ತದೆ. ಕುಗ್ಗುತ್ತಾ ಅಕ್ಕಪಕ್ಕದ ತಗಡನ್ನು ತನ್ನ ಕಡೆಗೆ ಎಳೆಯುತ್ತದೆ. ಒಂದು ಅಂಗುಲದ ಬೆಸುಗೆಯ ಎಳೆತ ಸಣ್ಣದು. ಒಂದು ಮೀಟರ್ ಉದ್ದದ ಬೀಡಿನ ಎಳೆತ ರನ್ನಿಂಗ್ ಬೋರ್ಡನ್ನೇ ಬಿಲ್ಲು ಮಾಡುತ್ತದೆ. ಒಂದು ಗ್ಯಾರೇಜಿನಲ್ಲಿ ಹಾಗೆ ಎಡಬದಿಯನ್ನು ಬೆಳಗ್ಗೆ ಪೂರ್ತಿ, ಬಲಬದಿಯನ್ನು ಸಂಜೆ ಪೂರ್ತಿ ಬೆಸೆದ ಶೆಲ್ಲೊಂದು ನನ್ನ ಮುಂದೆ ಬಂದಿತ್ತು. ಬೆಸುಗೆ ನೋಡಲು ಚೆಂದವೇ ಇತ್ತು. ಎಡಗಡೆಯ ಬಾಗಿಲು ಮಾತ್ರ ಕೂರಲಿಲ್ಲ, ವೀಲ್ ಅಲೈನ್‌ಮೆಂಟ್ ಎಷ್ಟು ತಿರುಗಿಸಿದರೂ ಬರಲಿಲ್ಲ. ಸೊಟ್ಟಗೆ ಕೂತ ಶೆಲ್ಲನ್ನು ಬೆಸೆದು ಗಟ್ಟಿ ಮಾಡಿದರೆ ಸೊಟ್ಟವೂ ಗಟ್ಟಿಯಾಗುತ್ತದೆ, ಅದನ್ನು ಮರಳಿ ತರಲಾಗದು.

ಹಾಗಾಗಿ ಜಾಗ ಬದಲಿಸುತ್ತಾ ಹೋಗಿ. ಎಡ ಅಪ್ರಾನಿಗೆ ಒಂದು, ಬಲ ಅಪ್ರಾನಿಗೆ ಒಂದು, ಹಿಂದೆ ಎಡಕ್ಕೆ ಒಂದು, ಹಿಂದೆ ಬಲಕ್ಕೆ ಒಂದು. ಮತ್ತೆ ಮೊದಲಿನ ಜಾಗಕ್ಕೆ ಬಂದಾಗ ಕೈಗವಸು ತೆಗೆದು, ಮೊದಲು ಅಂಗೈಯನ್ನು ಹತ್ತಿರ ಹಿಡಿದು, ಸುಡದೆಂದು ಖಾತ್ರಿಯಾದ ಮೇಲೆ ತಗಡಿನ ಮೇಲೆ ಇಡಿ. ಇಟ್ಟ ಕೈ ನೆಮ್ಮದಿಯಾಗಿ ಇದ್ದರೆ ಮುಂದಿನ ಬೆಸುಗೆ, ಇಲ್ಲದಿದ್ದರೆ ಕಾಯಿರಿ. ನೀರು ಸುರಿದು, ಒದ್ದೆ ಬಟ್ಟೆ ಒತ್ತಿ ತಣಿಸಬೇಡಿ, ತಾನಾಗಿ ತಣಿಯಲಿ. ಒಂದು ಸುತ್ತು ಮುಗಿದ ಮೇಲೆ ಗೋಡೆಯ ಮೇಲಿನ ಅಂಕಿಗಳನ್ನು ಮತ್ತೆ ಅಳೆಯಿರಿ, ಬಾಗಿಲು ಹಾಕಿ ನೋಡಿ. ತಾಳಿದವನು ಬಾಳಿಯಾನು ಎಂಬ ಮಾತು ವೆಲ್ಡಿಂಗ್ ಶೆಡ್ಡಿನಲ್ಲಿ ಅಕ್ಷರಶಃ ನಿಜ.

ಮುಗಿದ ಮೇಲೆ ಬೀಡನ್ನು ಗ್ರೈಂಡರಿನಿಂದ ನುಣ್ಣಗೆ ಮಾಡುವ ಚಪಲ ಬರುತ್ತದೆ. ಬೇಡ. ಗ್ರೈಂಡರು ಬೀಡಿನ ಜೊತೆಗೆ ಪಕ್ಕದ ತಗಡನ್ನೂ ತಿನ್ನುತ್ತದೆ. ಬಿರುಕು ಹುಟ್ಟುವುದು ಆ ತೆಳುವಾದ ಗೆರೆಯಲ್ಲೇ. ಬ್ರಷ್ ಹೊಡೆದು, ಪ್ರೈಮರ್ ಹಚ್ಚಿ, ಸೀಮಿಗೆ ಹೊಸ ಸೀಲರ್ ಎಳೆದು, ಪೇಂಟ್ ಹೊಡೆದು, ಪೆಟ್ಟಿಗೆಯಾಕಾರದ ಭಾಗಗಳ ಒಳಗೆ ಮೇಣದ ಲೇಪ ಸಿಂಪಡಿಸಿ. ಬೆಸೆದ ತಗಡಿನ ಬೆನ್ನಲ್ಲಿ ಕಾರ್ಖಾನೆಯ ಲೇಪ ಸುಟ್ಟುಹೋಗಿರುತ್ತದೆ. ಮಂಗಳೂರಿನ ಉಪ್ಪುಗಾಳಿಗೆ, ಮಲೆನಾಡಿನ ಮಳೆಗೆ ಅದನ್ನು ಹಾಗೇ ಬಿಟ್ಟರೆ ತುಕ್ಕು ನಿಮ್ಮ ಶ್ರಮವನ್ನೆಲ್ಲ ಒಳಗಿಂದಲೇ ಬಿಚ್ಚಿಹಾಕುತ್ತದೆ.

ಗಟ್ಟಿಯಾಯಿತೇ ಎಂದು ಅಳೆಯಿರಿ

"ಓಡಿಸಿದರೆ ಗೊತ್ತಾಗುತ್ತದೆ" ಎನ್ನುವವರ ಮಾತು ಕೇಳಬೇಡಿ. ಕೆಲಸಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಅಳೆಯಿರಿ. ಶೆಲ್ಲಿನ ಹಿಂದಿನ ಎರಡು ಸ್ಪ್ರಿಂಗ್ ಜಾಗಗಳನ್ನು ಅಲುಗದಂತೆ ಬಿಗಿಯಿರಿ. ಮುಂದೆ ಎರಡು ಟವರುಗಳಿಗೆ ಗಟ್ಟಿಯಾದ ಅಡ್ಡ ತೊಲೆ ಬೋಲ್ಟ್ ಮಾಡಿ, ಅದರ ನಡುಮಧ್ಯಕ್ಕೆ ಕೆಳಗಿಂದ ಒಂದು ಆಧಾರ ಕೊಡಿ. ಮಧ್ಯದಿಂದ ಒಂದು ಮೀಟರ್ ದೂರದಲ್ಲಿ 50 ಕಿಲೋ ತೂಗುಹಾಕಿದರೆ ಶೆಲ್ಲಿನ ಮೇಲೆ ಬೀಳುವ ತಿರುಚು ಸುಮಾರು 490 ನ್ಯೂಟನ್ ಮೀಟರ್. ಅದೇ ಒಂದು ಮೀಟರ್ ದೂರದಲ್ಲಿ ಡಯಲ್ ಗೇಜ್ ಇಟ್ಟು ನೋಡಿ. ಮುಳ್ಳು 1.75 ಮಿಲಿಮೀಟರ್ ಸರಿದರೆ ಅದು ಒಂದು ಡಿಗ್ರಿಯ ಹತ್ತನೇ ಒಂದು ಭಾಗ. ಅಂದರೆ ನಿಮ್ಮ ಶೆಲ್ ಒಂದು ಡಿಗ್ರಿ ತಿರುಚಲು 4,900 ನ್ಯೂಟನ್ ಮೀಟರ್ ಬೇಕು. ಗೇಜನ್ನು ಬೇರೆ ಬೇರೆ ಕಡೆ ಇಟ್ಟು ಓದಿದರೆ ತಿರುಚು ಎಲ್ಲಿ ಹೆಚ್ಚು ಎಂಬುದೂ ಗೊತ್ತಾಗುತ್ತದೆ. ಇಂಜಿನಿಯರಿಂಗ್ ಓದುತ್ತಿರುವವರೇ, ಪುಸ್ತಕದ ಟಾರ್ಷನ್ ಪಾಠ ಇಲ್ಲಿ ಕಣ್ಣೆದುರು ಬರುತ್ತದೆ. ಒಂದು ತೊಲೆ, ಒಂದು ಗೇಜು, ಒಂದು ಮೂಟೆ ಸಿಮೆಂಟಿನ ಖರ್ಚು ಅಷ್ಟೇ.

ಇಲ್ಲಿ ನಿಮಗೊಂದು ಸತ್ಯ ಎದುರಾಗುತ್ತದೆ. ಸರಿಯಾಗಿ ತ್ರಿಕೋನ ಹಾಕಿ, ಪಿಲ್ಲರುಗಳಿಗೂ ಟವರುಗಳಿಗೂ ಕೂಡಿಸಿದ ಉಕ್ಕಿನ ಕೊಳವೆಗಳ ಪಂಜರ, ಅಂದರೆ ರೋಲ್ ಕೇಜ್, ಕೊಡುವ ಬಿಗುವಿನ ಮುಂದೆ ಸೀಮ್ ವೆಲ್ಡಿಂಗ್ ಕೊಡುವುದು ಸಣ್ಣದು. ಕೇಜ್ ಮಗುಚಿದ ಕಾರಿನಲ್ಲಿ ತಲೆಯನ್ನೂ ಕಾಯುತ್ತದೆ. ಅದರ ಅಳತೆಯಲ್ಲಿ ನಿಮ್ಮ ಇಷ್ಟ ನಡೆಯುವುದಿಲ್ಲ. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮದ ಪ್ರಕಾರ ಮುಖ್ಯ ಹೂಪಿಗೆ (ಮುಂದಿನ ಸೀಟಿನ ಹಿಂದಿನ ಕಮಾನಿಗೆ) ಸೀಮ್ ಇಲ್ಲದ, ತಣ್ಣಗೆ ಎಳೆದ ಕಾರ್ಬನ್ ಉಕ್ಕಿನ ಕೊಳವೆ ಬೇಕು. 45 ಮಿಲಿಮೀಟರ್ ವ್ಯಾಸಕ್ಕೆ 2.5 ದಪ್ಪ, ಇಲ್ಲವೇ 50ಕ್ಕೆ 2 ದಪ್ಪ. ಕೇಜಿನ ಪಾದ ಕೂರುವಲ್ಲಿ ಶೆಲ್ಲಿಗೆ ಕನಿಷ್ಠ 3 ಮಿಲಿಮೀಟರ್ ದಪ್ಪ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಪಟ್ಟಿ ಬೆಸೆದಿರಬೇಕು. ನೀರಿನ ಪೈಪಿನಲ್ಲಿ, ಗೇಟಿನ ಪೈಪಿನಲ್ಲಿ ಕೇಜ್ ಕಟ್ಟಿಕೊಡುತ್ತೇವೆ ಎನ್ನುವವರ ಅಂಗಳಕ್ಕೆ ಕಾಲಿಡಬೇಡಿ.

ಕಾನೂನು, ದುಡ್ಡು, ಸರದಿ

ಹೀಗೆ ಬೆಸೆದು ಕೇಜ್ ಹಾಕಿದ ಕಾರು ಟ್ರ್ಯಾಕಿನದು, ಬೀದಿಯದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಕಾನೂನಿನ ಮಾತು ಬದಿಗಿಟ್ಟರೂ, ಹೆಲ್ಮೆಟ್ ಇಲ್ಲದ ತಲೆಗೆ ಕೇಜಿನ ಉಕ್ಕಿನ ಕೊಳವೆ ಸಣ್ಣ ಡಿಕ್ಕಿಯಲ್ಲೂ ಮಾರಕವಾಗಬಹುದು. ಟ್ರೇಲರಿನ ಮೇಲೆ ಒಯ್ಯಿರಿ. ರೇಸಿಗೆ ಇಳಿಯುವುದಾದರೆ ದೇಶದ ಮೋಟಾರ್ ಕ್ರೀಡೆಯನ್ನು ನಿಯಂತ್ರಿಸುವ ಎಫ್‌ಎಂಎಸ್‌ಸಿಐನ ಆ ವರ್ಷದ, ನಿಮ್ಮ ಕ್ಲಾಸಿನ ನಿಯಮ ಓದಿದ ಮೇಲೆಯೇ ಶೆಲ್ಲಿಗೆ ಕೈಹಾಕಿ. ಒಂದು ಕ್ಲಾಸು ಒಪ್ಪುವ ಬೆಸುಗೆಯನ್ನು ಇನ್ನೊಂದು ಒಪ್ಪದಿರಬಹುದು, ಬೆಸೆದದ್ದನ್ನು ಬಿಚ್ಚಿ ತೋರಿಸಲಾಗದು.

ದುಡ್ಡು ಕಡಿಮೆ ಇದ್ದಾಗ ಮೊದಲ ರೂಪಾಯಿ ಹೆಲ್ಮೆಟ್ಟು, ಸೀಟು, ಬೆಲ್ಟು, ಕೇಜಿಗೆ ಹೋಗಲಿ. ಎರಡನೆಯದು ಬ್ರೇಕಿಗೆ, ಟೈರಿಗೆ. ಮೂರನೆಯದು ಬುಷ್ಷು, ಡ್ಯಾಂಪರಿಗೆ. ಸೀಮ್ ವೆಲ್ಡಿಂಗಿನ ಸರದಿ ಆಮೇಲೆ. ಆದರೆ ಕೆಲಸದ ಸರದಿ ಇದಕ್ಕೆ ತಿರುಗಾಮುರುಗಾ: ಸೀಮುಗಳು ಬರಿಯ ಶೆಲ್ಲಿನಲ್ಲೇ ಆಗಬೇಕು, ಕೇಜ್ ಒಳಗೆ ಹೋದ ಮೇಲೆ ಟಾರ್ಚ್ ಅಲ್ಲಿಗೆ ತಲುಪುವುದಿಲ್ಲ, ಪೇಂಟ್ ಆದ ಮೇಲೆ ಮನಸ್ಸೂ ಬರುವುದಿಲ್ಲ. ಇವೆರಡು ಲೆಕ್ಕ ತಾಳೆಯಾಗಬೇಕಾದರೆ ಇಡೀ ಕಾರನ್ನು ಮೊದಲು ಕಾಗದದ ಮೇಲೆ ಕಟ್ಟಬೇಕು. ಕೇಜಿಗೆ ದುಡ್ಡು ಕೂಡಿಲ್ಲವೆಂದರೆ ಶೆಲ್ಲನ್ನು ಬಿಚ್ಚಲೇಬೇಡಿ. ಕಾರನ್ನು ಮೂಲ ರೂಪದಲ್ಲೇ ಟ್ರ್ಯಾಕ್ ಡೇಗೆ ಒಯ್ದು ಓಡಿಸಲು ಕಲಿಯಿರಿ. ಶೆಲ್ಲಿನ ಬಿಗುವಿನ ವ್ಯತ್ಯಾಸ ಕೈಗೆ ತಿಳಿಯುವಷ್ಟು ಚೆನ್ನಾಗಿ ಓಡಿಸುವುದಕ್ಕೇ ಬಹಳ ಕಲಿಕೆ ಬೇಕು.

ಕೊನೆಯದಾಗಿ ಒಂದು ಮಾತು. ನಮ್ಮೂರುಗಳ ಟಿಂಕರಿಂಗ್ ಶೆಡ್ಡುಗಳಲ್ಲಿ ತಗಡಿನ ಮನಸ್ಸು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಯಾವ ಏಟಿಗೆ ಯಾವ ಮಡಿಕೆ ಏಳುತ್ತದೆ, ಯಾವ ಬಿಸಿಗೆ ಯಾವ ಕಡೆ ಎಳೆಯುತ್ತದೆ ಎಂಬುದು ಅವರ ಕೈಗೆ ಗೊತ್ತು. ಅವರಿಗೆ ಬೋರಾನ್ ಉಕ್ಕಿನ ಮ್ಯಾನುಯಲ್ ಗೊತ್ತಿಲ್ಲದಿರಬಹುದು, ಅದು ನಿಮಗೆ ಗೊತ್ತಿದೆ. ಅವರ ಹತ್ತಿರ ಕೂತು ಕೆಲಸ ನೋಡಿ, ನೀವು ಓದಿದ್ದನ್ನು ಅವರಿಗೆ ಹೇಳಿ, ಹಾಕಿದ ಪ್ರತಿ ಬೆಸುಗೆಯ ಜಾಗ, ದಿನಾಂಕ, ಹಾಕಿದವರ ಹೆಸರು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಕಾರಿನೊಳಗೆ ನಾಳೆ ನೀವೇ ಕೂರಬಹುದು, ನಿಮ್ಮ ಗೆಳತಿ ಕೂರಬಹುದು, ನಿಮ್ಮಿಂದ ಕೊಂಡ ಅಪರಿಚಿತನೂ ಕೂರಬಹುದು. ಒಂದು ಸೀಮನ್ನು ಏಕೆ ಬೆಸೆದಿರಿ ಎಂದು ಅವರು ಕೇಳಿದರೆ ನಿಮ್ಮಲ್ಲಿ ಉತ್ತರವಿರಬೇಕು. ಉತ್ತರ ಗೊತ್ತಿಲ್ಲದ ಸೀಮನ್ನು ಇಂದು ಬಿಟ್ಟುಬಿಡಿ; ತಿಳಿದುಕೊಂಡು ನಾಳೆ ಬೆಸೆಯಿರಿ.